ನೃತ್ಯವಿದ್ಯಾರ್ಥಿಗಳ ಪೋಷಣೆ: ಗದಗು ಸೀಮೆಯ ಹಿಂದಿನ ಪದ್ಧತಿಗಳೂ ಇಂದಿನ ಅಗತ್ಯವೂ

ಗೀತ, ವಾದ್ಯ, ನೃತ್ಯ ಈ ಮೂರೂ ಕೂಡಿ ಸಂಗೀತವೆನಿಸುವುದೆಂಬುದು ಭಾರತೀಯ ಶಾಸ್ತ್ರಕಾರರ ಮತವಾಗಿದೆ. ಈ ಮತವನ್ನು ಸಂಗ್ರಹಿಸಿ ಹೇಳಿದ ‘ಸಂಗೀತರತ್ನಾಕರ’ದ ಕರ್ತೃವಾದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ಸೇವುಣ ದೊರೆಯಾದ ಸಿಂಘಣನ ಆಶ್ರಯದಲ್ಲಿದ್ದವನು, ಆ ಗ್ರಂಥದ ಏಳನೆಯದೂ ಕಡೆಯದೂ ಆದ ಅಧ್ಯಾಯವು ನರ್ತನಕ್ಕೇ ಮೀಸಲಾಗಿದೆ. ಅದಕ್ಕೂ ಒಂದು ನೂರು ವರ್ಷ ಮೊದಲು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ನೃತ್ಯವಿನೋದವನ್ನು ವಿಸ್ತಾರವಾಗಿ ನಿರೂಪಿಸಿರುತ್ತಾನೆ. ಗದಗು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯು ಈ ಎರಡು ರಾಜವಂಶಗಳ ಆಳ್ವಿಕೆಯನ್ನೂ ಕಂಡುದಾಗಿದೆ. ಹೀಗಿದ್ದರೂ ಈ ಸೀಮೆಯಲ್ಲಿ ಇಂದು ಗೀತವಾದ್ಯಗಳನ್ನು ಕಲಿಯಬಯಸುವ ಬಡವನಿಗೆ ಅನ್ನವನ್ನಿಕ್ಕಿ ವಿದ್ಯೆ ಹೇಳುವ ಪ್ರಸಿದ್ಧವಾದ ನೆಲೆಯೊಂದುಂಟು. ನೃತ್ಯಕ್ಕೆ ಆ ಪ್ರಮಾಣದ ನೆಲೆ ಒದಗಿಲ್ಲ. ನೃತ್ಯವನ್ನು ಕಲಿಯುವ ಹುಡುಗಿಯ ಭವಿಷ್ಯವು ಬಹುಮಟ್ಟಿಗೆ ಅವಳ ತಂದೆತಾಯಿಗಳ ಕೈಚೀಲವನ್ನೇ ಅವಲಂಬಿಸಿಕೊಂಡಿರುತ್ತದೆ. ಈ ಭೇದಕ್ಕೆ ಕಾರಣವೇನು, ಇದನ್ನು ನೀಗುವ ಬಗೆ ಯಾವುದು ಎಂಬುದನ್ನು ಈ ಸೀಮೆಯ ಚರಿತ್ರೆಯ ಬೆಳಕಿನಲ್ಲಿಯೇ ವಿಚಾರಿಸುವುದು ಯುಕ್ತವಾಗಿದೆ.

1. ಶಾಸನಗಳ ಕಾಲದ ಪದ್ಧತಿ

ಈ ವಿಷಯದಲ್ಲಿ ಮೊದಲ ಸಾಕ್ಷಿಯು ಗದಗಿನ ತ್ರಿಕೂಟೇಶ್ವರ ದೇವಾಲಯದ ಶಾಸನಗಳಿಂದ ದೊರೆಯುತ್ತದೆ. ಕ್ರಿ. ಶ. 1191ರಲ್ಲಿ ಸೇವುಣ ಭಿಲ್ಲಮನು ಈ ದೇವಾಲಯಕ್ಕೆ ಹಿರಿಯ ಹಂದಿಗೋಳವೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಅನಂತರ ಭಿಲ್ಲಮನನ್ನು ಸೋಲಿಸಿ ಈ ಸೀಮೆಯನ್ನು ವಶಪಡಿಸಿಕೊಂಡ ಹೊಯ್ಸಳ ವೀರಬಲ್ಲಾಳನು 1192ರಲ್ಲಿ ಬೆಳ್ವೊಲ ಮುನ್ನೂರರ ಹೊಂಬಾಳಲು ಗ್ರಾಮವನ್ನು ಅದೇ ದೇವಾಲಯಕ್ಕೆ ಕೊಟ್ಟನು. ಎರಡು ದತ್ತಿಗಳನ್ನೂ ಸ್ವೀಕರಿಸಿದ ಆಚಾರ್ಯನು ಸಿದ್ಧಾಂತಿ ಚಂದ್ರಭೂಷಣ ಪಂಡಿತನೊಬ್ಬನೇ. ಯುದ್ಧದಿಂದ ರಾಜ್ಯವು ಕೈಬದಲಾಯಿಸಿತು. ವಿದ್ಯಾಸ್ಥಾನದ ಜೀವನಾಧಾರವು ಮಾತ್ರ ಕಡಿಯಲಿಲ್ಲ.

ಬಲ್ಲಾಳನ ದತ್ತಿಯ ಉದ್ದೇಶಗಳನ್ನು ಗಮನಿಸಬೇಕು. ದೇವರ ಅಂಗಭೋಗ, ರಂಗಭೋಗ, ಒಡೆದು ಶಿಥಿಲವಾದುದರ ಜೀರ್ಣೋದ್ಧಾರ, ವಿದ್ಯಾದಾನ, ತಪೋಧನರೇ ಮೊದಲಾದವರ ಆಹಾರದಾನ ಇವೆಲ್ಲವೂ ಒಂದೇ ಗ್ರಾಮದ ಉತ್ಪನ್ನದಿಂದ ನಡೆಯಬೇಕಾಗಿದ್ದಿತು. ಅಂಗಭೋಗವೆಂದರೆ ಮೂರ್ತಿಯ ಸ್ನಾನ, ಗಂಧ, ನೈವೇದ್ಯಾದಿ ಉಪಚಾರ. ರಂಗಭೋಗವೆಂದರೆ ರಂಗಮಂಟಪದಲ್ಲಿ ನಡೆಯುವ ಗೀತವಾದ್ಯನೃತ್ಯಗಳ ಸೇವೆ. ಎಂದರೆ, ನೃತ್ಯವು ಅಂದು ಪಾಠದಿಂದಲೂ ಊಟದಿಂದಲೂ ಬೇರ್ಪಟ್ಟಿರಲಿಲ್ಲ. ಆ ಕಾಲದ ಕನ್ನಡ ಶಾಸನಗಳಲ್ಲಿ ನಟ್ಟುವನಿಗೆ ಇಷ್ಟು, ಪಾತ್ರದವರಿಗೆ ಇಷ್ಟು, ಮದ್ದಳೆಯವನಿಗೆ ಇಷ್ಟು, ಕೊಳಲಿನವನಿಗೆ ಇಷ್ಟು ಎಂದು ಮತ್ತರು, ಕಮ್ಮಗಳ ಲೆಕ್ಕದಲ್ಲಿ ಭೂಮಿಯನ್ನು ವಿಭಾಗಿಸಿ ಕೊಟ್ಟುದು ಹಲವೆಡೆಗಳಲ್ಲಿ ಕಂಡುಬರುತ್ತದೆ. ಕಲಿಸುವವನ ಹೊಟ್ಟೆಪಾಡು ಮೊದಲೇ ಗೊತ್ತಾಗಿದ್ದುದರಿಂದ ಕಲಿಯುವವರಿಂದ ಹಣವನ್ನು ಅಪೇಕ್ಷಿಸುವ ಕಾರಣವೇ ಅವನಿಗಿರಲಿಲ್ಲ.

ಆದರೆ ಈ ಪದ್ಧತಿಯನ್ನು ಕೇವಲ ಹೊಗಳಿ ಬಿಡುವುದು ಸತ್ಯಕ್ಕೆ ದೂರವಾದೀತು. ಭೂಮಿಯ ಪಾಲಿನೊಡನೆ ಸೇವೆಯ ಕಟ್ಟೂ ವಂಶಪಾರಂಪರ್ಯವಾಗಿ ಬಂದಿತು. ದೇವರ ಹೆಸರಿನಲ್ಲಿ ಬಿಡಲ್ಪಟ್ಟ ಹೆಣ್ಣುಮಗುವಿಗೆ ವಿದ್ಯೆಯು ಬಿಟ್ಟಿಯಾಗಿ ದೊರೆಯುತ್ತಿದ್ದುದು ನಿಜ. ಆದರೆ ಬಿಟ್ಟಿಯ ವಿದ್ಯೆಗೆ ಅವಳು ತೆತ್ತ ಬೆಲೆಯು ತನ್ನ ಸ್ವಾತಂತ್ರ್ಯವೇ ಆಗಿದ್ದಿತು. ಕಾಲಾಂತರದಲ್ಲಿ ವಿದ್ಯೆಯು ಹೋಗಿ ಕಟ್ಟು ಮಾತ್ರ ಉಳಿಯಿತು. ಗದಗು ಮುಂಬಯಿ ಪ್ರಾಂತದಲ್ಲಿದ್ದಾಗ 1934ರಲ್ಲಿ ಮುಂಬಯಿಯ ದೇವದಾಸೀ ಸಂರಕ್ಷಣ ಕಾಯಿದೆಯೂ, ಅನಂತರ ಕರ್ನಾಟಕದಲ್ಲಿ 1982ರ ದೇವದಾಸೀ ಸಮರ್ಪಣ ನಿಷೇಧದ ಕಾಯಿದೆಯೂ ಈ ಕಟ್ಟನ್ನು ನಿಷೇಧಿಸಿದವು. ಇದು ಅವಶ್ಯವಾಗಿ ಆಗಬೇಕಾದ ಕಾರ್ಯವೇ ಆಗಿದ್ದಿತು. ಆದರೆ ಹಳೆಯ ವ್ಯವಸ್ಥೆಯು ಅಳಿದ ಮೇಲೆ ಅದರಲ್ಲಿದ್ದ ಒಂದು ಒಳ್ಳೆಯ ಅಂಶ, ಅದೇನೆಂದರೆ ನೃತ್ಯಗುರುವಿಗೆ ಸ್ಥಿರವಾದ ಜೀವನವನ್ನು ಕಲ್ಪಿಸುವುದು, ಅದೂ ಅದರೊಡನೆ ಅಳಿದುಹೋಯಿತು. ಅದಕ್ಕೆ ಬದಲಾಗಿ ಬೇರೊಂದು ವ್ಯವಸ್ಥೆಯನ್ನು ಯಾರೂ ಮಾಡಲಿಲ್ಲ.

2. ನಾಟಕ ಮಂಡಳಿಗಳು

ಎರಡನೆಯ ಪದ್ಧತಿಯು ನಾಟಕ ಮಂಡಳಿಗಳದು. ಶಾಂತಕವಿಗಳೆಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು (1856–1920) 19ನೆಯ ಶತಮಾನದ ಎಂಟನೆಯ ದಶಕದಲ್ಲಿ ಗದಗಿನಲ್ಲಿ ವೀರನಾರಾಯಣನ ಹೆಸರಿನಿಂದ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡ ವೃತ್ತಿರಂಗಭೂಮಿಗೆ ಅಡಿಪಾಯ ಹಾಕಿದರು. ಅನಂತರ ಶಿರಹಟ್ಟಿಯ ವೆಂಕೋಬರಾಯರ ಮಂಡಳಿಯೂ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಈ ಸೀಮೆಯ ಹೆಸರನ್ನು ದೂರದವರೆಗೆ ಒಯ್ದವು.

ಇಂಥ ಮಂಡಳಿಗಳನ್ನು ಅಂದಿನ ಬಡ ಹುಡುಗರ ಕಲಾಶಾಲೆಗಳೆಂದು ಕರೆದರೆ ತಪ್ಪಾಗಲಾರದು. ಕಂಠವೂ ರೂಪವೂ ಚೆನ್ನಾಗಿದ್ದ ಹುಡುಗನು ಕಂಪನಿಯನ್ನು ಸೇರಿದರೆ ಅವನಿಗೆ ಎರಡು ಹೊತ್ತಿನ ಊಟ, ಬಟ್ಟೆ, ಹಾಡಿನ ಪಾಠ, ಹೆಜ್ಜೆ, ಅಭಿನಯ ಎಲ್ಲವೂ ಅಲ್ಲಿಯೇ ದೊರೆಯುತ್ತಿದ್ದವು. ಅವನು ರಂಗದ ಮೇಲೆ ನಿಂತು ದುಡಿದುದೇ ಅವನ ಗುರುದಕ್ಷಿಣೆ. ಇಲ್ಲಿ ಶಿಷ್ಯನು ಭಿಕ್ಷುಕನಲ್ಲ, ಪಾಲುಗಾರನು. ಇದು ಈ ಪದ್ಧತಿಯ ಹೆಚ್ಚಳ. ಆದರೆ ಇದಕ್ಕೂ ಮಿತಿಗಳಿದ್ದವು. ಮಳೆ ಕೈಕೊಟ್ಟು ಪ್ರೇಕ್ಷಕರು ಬಾರದಿದ್ದರೆ ಕಂಪನಿಯು ಮುಳುಗುತ್ತಿತ್ತು, ಅದರೊಡನೆ ಪಾಠವೂ ನಿಲ್ಲುತ್ತಿತ್ತು. ಅಲ್ಲದೆ ಬಹುಕಾಲ ಸ್ತ್ರೀಪಾತ್ರಗಳನ್ನು ಗಂಡುಹುಡುಗರೇ ಧರಿಸುತ್ತಿದ್ದುದರಿಂದ ಹೆಣ್ಣುಮಕ್ಕಳಿಗೆ ಈ ಶಾಲೆಯ ಬಾಗಿಲು ಮುಚ್ಚಿಯೇ ಇದ್ದಿತು.

3. ಪುಣ್ಯಾಶ್ರಮದ ಪದ್ಧತಿ

ಮೂರನೆಯ ಪದ್ಧತಿಯು ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತವಿದ್ಯೆಯನ್ನು ಪಡೆದವರು. ತಾವು ಪಡೆದ ಆಶ್ರಯವನ್ನು ಇತರರಿಗೂ ಒದಗಿಸಬೇಕೆಂದು ಅವರು ಅಂಧ, ಅನಾಥ, ಬಡ ಬಾಲಕರನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಸಂಚಾರಿ ಪಾಠಶಾಲೆಯನ್ನು ನಡೆಯಿಸಿದರು. ಅದು ಕೊನೆಗೆ ಗದಗಿನಲ್ಲಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು (1914–2010) ಆರು ದಶಕಗಳಿಗೂ ಮೇಲ್ಪಟ್ಟು ಆಶ್ರಮದ ಭಾರವನ್ನು ಹೊತ್ತರು.

ಈ ಆಶ್ರಮದ ಹಣಕಾಸಿನ ಬಗೆಯು ವಿಚಾರಾರ್ಹವಾದುದು. ಭಕ್ತರ ಜೋಳಿಗೆಯ ಧಾನ್ಯವು ಒಂದು ಮೂಲ. ಆಶ್ರಮದ ಆಸರೆಗಾಗಿಯೇ ಕುಮಾರೇಶ್ವರರ ಹೆಸರಿನಲ್ಲಿ ನಡೆಯಿಸಿದ ನಾಟ್ಯಸಂಘದ ಉತ್ಪನ್ನವು ಎರಡನೆಯದು. ಇದಕ್ಕಾಗಿ ಪುಟ್ಟರಾಜರು ತಾವೇ ನಾಟಕಗಳನ್ನು ಬರೆದರು. ಊರೂರುಗಳ ಭಕ್ತರು ಅವರಿಗೆ ಮಾಡಿದ ತುಲಾಭಾರಗಳಲ್ಲಿ ಬಂದ ದ್ರವ್ಯವು ಮೂರನೆಯದು. ಅದೆಲ್ಲವೂ ವಿದ್ಯಾರ್ಥಿಗಳ ದಾಸೋಹಕ್ಕೆ ಸಂದಿತು. ಹೀಗೆ ಒಂದು ಮೂಲವು ಬತ್ತಿದರೆ ಇನ್ನೊಂದು ಹರಿಯುತ್ತಿದ್ದಿತು. ಕಂಪನಿಗೆ ಬಾಧಕವಾದ ಅಸ್ಥಿರತೆಯು ಆಶ್ರಮಕ್ಕೆ ತಟ್ಟದಿರಲು ಇದೇ ಕಾರಣ.

ಪರಿಣಾಮವು ಕಣ್ಣಮುಂದಿದೆ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಬಳಿಯಲ್ಲಿ ಬೆಳೆದವರು. ಬಳ್ಳಾರಿ ಸೀಮೆಯಿಂದ 1968ರಲ್ಲಿ ಬಾಲಕನಾಗಿ ಬಂದ ವೆಂಕಟೇಶಕುಮಾರರು ಹನ್ನೆರಡು ವರ್ಷ ಆಶ್ರಮದಲ್ಲಿದ್ದು ಪುಟ್ಟರಾಜರಲ್ಲಿ ಕಲಿತು ದೇಶಪ್ರಸಿದ್ಧ ಗಾಯಕರಾದರು. ಹನ್ನೆರಡು ವರ್ಷವೆಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕಲೆಯ ಕಲಿಕೆಯು ಒಂದೆರಡು ವರ್ಷಗಳ ಸಹಾಯದಿಂದ ಪೂರ್ಣವಾಗುವಂಥದಲ್ಲ. ಶಿಷ್ಯನು ಪಕ್ವವಾಗುವವರೆಗೂ ಒಲೆಯು ಆರದಂತೆ ನೋಡಿಕೊಳ್ಳಬೇಕಾಗುತ್ತದೆ. ಅಷ್ಟೇ ಮಹತ್ತ್ವದ ಇನ್ನೊಂದು ಅಂಶವೆಂದರೆ, ಕಲಿತ ಶಿಷ್ಯನು ತನಗೆ ಬೇಕಾದಲ್ಲಿಗೆ ಹೋಗಿ ಬದುಕಲು ಸ್ವತಂತ್ರನು. ಋಣವುಂಟು, ಕಟ್ಟಿಲ್ಲ.

4. ನೃತ್ಯದ ವೆಚ್ಚವು ಹೆಚ್ಚೇಕೆ

ಹಾಗಾದರೆ ಗೀತಕ್ಕೆ ಸಾಧ್ಯವಾದುದು ನೃತ್ಯಕ್ಕೆ ಏಕೆ ಕಠಿನವಾಯಿತು? ಹಾಡುವವನಿಗೆ ಒಂದು ತಂಬೂರಿಯೂ ಒಂದು ಮೂಲೆಯೂ ಇದ್ದರೆ ಸಾಧನೆ ನಡೆಯುತ್ತದೆ. ನೃತ್ಯಕ್ಕೆ ಸಮವಾದ, ವಿಶಾಲವಾದ ನೆಲ ಬೇಕು; ದಿನವೂ ಬೆವರಿಳಿಸುವ ದೇಹಕ್ಕೆ ಪುಷ್ಟಿಯುಳ್ಳ ಆಹಾರ ಬೇಕು. ಗೆಜ್ಜೆ, ಅಭ್ಯಾಸದ ಸೀರೆ, ಪ್ರದರ್ಶನದ ರೇಶಿಮೆಯ ಉಡುಪು, ಆಭರಣ, ಮುಖವರ್ಣಿಕೆ ಇವು ಬೇರೆ. ರಂಗವನ್ನೇರಿದಾಗ ನಟ್ಟುವಾಂಗ, ಹಾಡುಗಾರಿಕೆ, ಮೃದಂಗ, ಕೊಳಲು ಅಥವಾ ಪಿಟೀಲುಗಳ ಮೇಳ ಬೇಕು. ಗದಗಿನಂಥ ಊರಿನಲ್ಲಿ ಭರತನಾಟ್ಯದ ಮೇಳದವರನ್ನು ಹಲವು ಸಲ ಹೊರಗಿನಿಂದ ಕರೆಯಿಸಬೇಕಾಗುವುದರಿಂದ ಪ್ರಯಾಣದ ವೆಚ್ಚವೂ ಕೂಡುತ್ತದೆ. ಇವೆಲ್ಲಕ್ಕೂ ಕಳಶವಿಟ್ಟಂತೆ ರಂಗಪ್ರವೇಶವೆಂಬ ಸಮಾರಂಭವಿದೆ. ಅದು ಅನೇಕ ಕಡೆಗಳಲ್ಲಿ ಮದುವೆಯ ಆಡಂಬರವನ್ನು ತಾಳಿರುತ್ತದೆ.

ಆದುದರಿಂದ ನೃತ್ಯದ ವೆಚ್ಚವನ್ನು ಮೂರಾಗಿ ವಿಂಗಡಿಸಿ ತಿಳಿಯುವುದು ಲೇಸು. ತಿಂಗಳು ತಿಂಗಳಿಗೆ ಬರುವ ಪಾಠದ ಶುಲ್ಕ ಮತ್ತು ಪ್ರಯಾಣ ಒಂದು. ಒಮ್ಮೆ ಕೊಂಡು ಬಹುಕಾಲ ಬಳಸುವ ಸಾಮಗ್ರಿ ಎರಡು. ಪ್ರದರ್ಶನದ ವೆಚ್ಚ ಮೂರು. ಸಾಮಾನ್ಯವಾಗಿ ಉದಾರಿಗಳು ಮೊದಲನೆಯದನ್ನು ಮಾತ್ರ ನೆನೆಯುತ್ತಾರೆ. ಗುರುವು ಕನಿಕರಪಟ್ಟು ಶುಲ್ಕವನ್ನು ಬಿಟ್ಟುಕೊಟ್ಟಾಗ ಆ ಭಾರವು ಮಾಯವಾಗುವುದಿಲ್ಲ. ಗುರುವಿನ ಹೆಗಲಿಗೆ ಸರಿಯುತ್ತದೆ, ಅಷ್ಟೇ. ಬಾಡಿಗೆಯ ಕೋಣೆಯಲ್ಲಿ ಪಾಠ ಹೇಳುವ ಗುರುವು ಎಷ್ಟು ಮಂದಿಗೆ, ಎಷ್ಟು ವರ್ಷ ಹೀಗೆ ಬಿಟ್ಟುಕೊಡಬಲ್ಲನು? ಇತ್ತ ಶುಲ್ಕವಿಲ್ಲದೆ ಕಲಿತ ಹುಡುಗಿಯು ಉಡುಪಿಲ್ಲವೆಂದು ಪ್ರದರ್ಶನದ ದಿನವೇ ಹಿಂದುಳಿದರೆ, ಆ ನಾಚಿಕೆಯಿಂದಲೇ ಅವಳು ಪಾಠವನ್ನು ಬಿಡುವುದುಂಟು. ಬಡತನವು ಅವಳ ಪಾದವನ್ನು ತಡೆಯುವುದು ಪಾಠಶಾಲೆಯ ಬಾಗಿಲಿನಲ್ಲಲ್ಲ; ರಂಗದ ಮೆಟ್ಟಿಲಿನಲ್ಲಿ.

5. ಈಗ ದೊರೆಯುವ ಸಹಾಯ

ಸರಕಾರದ ಸಹಾಯವು ಇಲ್ಲವೆನ್ನುವಂತಿಲ್ಲ. ಭಾರತ ಸರಕಾರದ ಸಾಂಸ್ಕೃತಿಕ ಸಂಪನ್ಮೂಲ ಹಾಗೂ ತರಬೇತಿ ಕೇಂದ್ರವು 1982ರಲ್ಲಿ ಆರಂಭವಾದ ಯೋಜನೆಯೊಂದರ ಮೇರೆಗೆ 10ರಿಂದ 14 ವರ್ಷದ ಪ್ರತಿಭಾವಂತ ಮಕ್ಕಳನ್ನು ಆರಿಸಿ ವಿದ್ಯಾರ್ಥಿವೇತನವನ್ನು ಕೊಡುತ್ತದೆ. ಗುರುವಿಗೆ ಸಲ್ಲುವ ಶುಲ್ಕಕ್ಕೂ ಅದರಲ್ಲಿ ಒಂದು ಮಿತಿಯವರೆಗೆ ಅವಕಾಶವಿದೆ. 18ರಿಂದ 25 ವರ್ಷದ ಯುವಕಲಾವಿದರಿಗೆ ಕೇಂದ್ರದ ಸಂಸ್ಕೃತಿ ಮಂತ್ರಾಲಯವು ಎರಡು ವರ್ಷಗಳ ವೇತನವನ್ನು ಕೊಡುವ ಯೋಜನೆಯಿದೆ. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯೂ ಶಿಷ್ಯವೇತನವನ್ನು ಕೊಡುತ್ತ ಬಂದಿದೆ. ನೃತ್ಯಕ್ಕಾಗಿಯೇ ಏರ್ಪಟ್ಟುದಲ್ಲದಿದ್ದರೂ ಇಲ್ಲಿ ಉಪಕಾರಿಯಾದ ಇನ್ನೊಂದು ವ್ಯವಸ್ಥೆಯುಂಟು: 2023ರ ಜೂನ್ 11ರಿಂದ ಜಾರಿಗೆ ಬಂದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಸಾಮಾನ್ಯ ಸಾರಿಗೆಯ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಪ್ರಯಾಣವು ಉಚಿತವಾಗಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಗದಗಿಗೆ ಪಾಠಕ್ಕೆಂದು ಬರುವ ಹುಡುಗಿಗೆ ಇದರಿಂದ ಆಗುವ ಉಳಿತಾಯವು ಅಲ್ಪವಾದುದಲ್ಲ.

ಆದರೆ ಈ ವೇತನಗಳಲ್ಲಿ ಒಂದು ಕೊರತೆಯಿದೆ. ಇವು ಪರೀಕ್ಷಿಸಿ ಆರಿಸಿದವರಿಗೆ ದೊರೆಯುವಂಥವು. ಪರೀಕ್ಷಕರ ಮುಂದೆ ನಿಲ್ಲಬೇಕಾದರೆ ಆ ಮಗುವು ಮೊದಲೇ ಕೆಲವು ವರ್ಷ ಕಲಿತಿರಬೇಕು. ಬಡ ಮಗುವು ಬಿದ್ದುಹೋಗುವುದು ಆ ಮೊದಲ ವರ್ಷಗಳಲ್ಲಿಯೇ. ಮೊಳೆತ ಸಸಿಗೆ ನೀರೆರೆಯುವವರುಂಟು, ಬೀಜವನ್ನು ಬಿತ್ತುವವರಿಲ್ಲ ಎಂಬಂತಾಗಿದೆ.

ಈ ಕೊರತೆಯು ಎಷ್ಟು ಹಾನಿಕರವೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಕಡೂರು ಸೀಮೆಯ ತಂಗಲಿ ತಾಂಡೆಯ ಲಂಬಾಣಿ ಕುಟುಂಬದಲ್ಲಿ 1906ರಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರನ್ನು ಎಂಟನೆಯ ವಯಸ್ಸಿನಲ್ಲಿ ಅಜ್ಜ ಅಜ್ಜಿಯರು ಮೈಸೂರಿನ ಆಸ್ಥಾನ ನರ್ತಕಿ ಜಟ್ಟಿ ತಾಯಮ್ಮನವರ ಬಳಿ ಬಿಟ್ಟರು. ಆ ಬಾಲಕಿಯೇ ಮುಂದೆ ಮೈಸೂರು ಶೈಲಿಯ ಭರತನಾಟ್ಯಕ್ಕೆ ಆಧಾರಸ್ತಂಭವಾಗಿ, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ಅಧ್ಯಾಪಕಿಯಾಗಿ, 1992ರಲ್ಲಿ ಪದ್ಮಭೂಷಣವನ್ನು ಪಡೆದರು. ಎಂಟನೆಯ ವಯಸ್ಸಿನಲ್ಲಿ ಗುರುವಿನ ಮನೆಯ ಬಾಗಿಲು ತೆರೆಯದಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ. ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ, ಕಪ್ಪತಗುಡ್ಡದ ಆಸುಪಾಸಿನಲ್ಲಿ ಲಂಬಾಣಿ ತಾಂಡೆಗಳು ಇಂದಿಗೂ ಇವೆ. ಅಲ್ಲಿಯ ಮಕ್ಕಳು ಲಯವನ್ನು ತಾಯಂದಿರ ಕುಣಿತದಿಂದಲೇ ಕಲಿತಿರುತ್ತಾರೆ.

6. ಮುಂದಿನ ದಾರಿ

ಇತರೆಡೆಗಳಲ್ಲಿ ಮಾಡಿ ತೋರಿಸಿದ ಪ್ರಯತ್ನಗಳಿವೆ. ಕೇರಳದಲ್ಲಿ ಕವಿ ವಳ್ಳತ್ತೋಳರು 1930ರಲ್ಲಿ ಕಲಾಮಂಡಲವನ್ನು ಸ್ಥಾಪಿಸುವುದಕ್ಕೆ ಲಾಟರಿಯನ್ನು ನಡೆಯಿಸಿ ಹಣ ಕೂಡಿಸಿದರು. ಹಲವರ ಸಣ್ಣ ಹಣದಿಂದ ದೊಡ್ಡ ಸಂಸ್ಥೆ ಹುಟ್ಟಿತು. ಉಡುಪಿಯಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಲ್ಲಿ ಮಕ್ಕಳು ಗುರುವಿನೊಡನೆ ವಾಸವಾಗಿದ್ದು, ಹಗಲು ಶಾಲೆಗೆ ಹೋಗಿ, ಉಳಿದ ಹೊತ್ತಿನಲ್ಲಿ ಹೆಜ್ಜೆಯನ್ನು ಕಲಿಯುವ ಪದ್ಧತಿ ಬೆಳೆಯಿತು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ 1990ರಲ್ಲಿ ಪ್ರೋತಿಮಾ ಬೇಡಿಯವರು ಸ್ಥಾಪಿಸಿದ ನೃತ್ಯಗ್ರಾಮವು ಸುತ್ತಲಿನ ಹಳ್ಳಿಯ ಮಕ್ಕಳಿಗೂ ಬಾಗಿಲನ್ನು ತೆರೆಯಿತು. ಗುರುವಿಗೆ ನೆಲೆ, ಶಿಷ್ಯನಿಗೆ ಊಟ, ಇಬ್ಬರಿಗೂ ಕಾಲಾವಕಾಶ: ಈ ಮೂರು ಕೂಡಿದಲ್ಲಿಯೇ ವಿದ್ಯೆಯು ಬೇರೂರಿದೆ.

ಗದಗು ಸೀಮೆಗೆ ಹೊರಗಿನ ಮಾದರಿಯೇ ಬೇಕೆಂದಿಲ್ಲ. ಗದಗು ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದ ಸಹಕಾರ ಚಳವಳಿಯು ಅದನ್ನು ತನ್ನ ಮೊದಲ ಸಂಘವೆಂದು ಗೌರವಿಸುತ್ತದೆ. ಒಬ್ಬೊಬ್ಬನಿಗೆ ಅಸಾಧ್ಯವಾದುದು ಹಲವರು ಕೂಡಿದರೆ ಸಾಧ್ಯವೆಂಬುದೇ ಅದರ ತತ್ತ್ವ. ನೃತ್ಯದ ಎರಡನೆಯ ಬಗೆಯ ವೆಚ್ಚಕ್ಕೆ ಈ ತತ್ತ್ವವು ನೇರವಾಗಿ ಒಪ್ಪುತ್ತದೆ. ಉಡುಪು, ಆಭರಣ, ಗೆಜ್ಜೆಗಳು ವರ್ಷದಲ್ಲಿ ಕೆಲವೇ ದಿನ ಬಳಕೆಯಾಗಿ ಉಳಿದ ದಿನ ಪೆಟ್ಟಿಗೆಯಲ್ಲಿರುತ್ತವೆ. ಬೆಳೆದು ದೊಡ್ಡವರಾದವರ ಉಡುಪನ್ನು ಕೂಡಿಸಿ, ನೇಕಾರರ ಊರಾದ ಬೆಟಗೇರಿಯಲ್ಲಿ ನೇಯ್ದ ಸೀರೆಗಳಿಂದ ಹೊಸವನ್ನು ಹೊಲಿಸಿ, ಒಂದು ಸಾರ್ವಜನಿಕ ಭಂಡಾರವನ್ನಿಟ್ಟರೆ ಗ್ರಂಥಭಂಡಾರದಿಂದ ಪುಸ್ತಕವನ್ನು ಒಯ್ಯುವಂತೆ ಬಡವರೂ ಬಲ್ಲಿದರೂ ಅದರಿಂದ ಒಯ್ದು ಮರಳಿ ಕೊಡಬಹುದು. ಎಲ್ಲರೂ ಒಯ್ಯುವುದರಿಂದ ಬಡವರ ಮಗುವಿಗೆ ದಾನವನ್ನು ಪಡೆದ ಸಂಕೋಚವಿರುವುದಿಲ್ಲ.

ಮೂರನೆಯ ಬಗೆಯ ವೆಚ್ಚಕ್ಕೆ ಪರಿಹಾರವು ಇನ್ನೂ ಸುಲಭ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳನ್ನು ದಾಟುವುದಕ್ಕೆ ಆಡಂಬರದ ರಂಗಪ್ರವೇಶವು ಅವಶ್ಯವಲ್ಲ. ನಾಲ್ಕೈದು ವಿದ್ಯಾರ್ಥಿನಿಯರು ಒಂದೇ ಮೇಳದೊಡನೆ ಒಂದೇ ಸಂಜೆ ರಂಗವನ್ನೇರಿದರೆ ವೆಚ್ಚವು ಹಂಚಿಹೋಗುತ್ತದೆ. ಸಂಗೀತಗಾರರು ವಿರಳವಲ್ಲದ ಗದಗಿನಲ್ಲಿಯೇ ನೃತ್ಯಕ್ಕೆ ಹಾಡುವವರನ್ನೂ ನುಡಿಸುವವರನ್ನೂ ತಯಾರಿಸಿದರೆ ಹೊರಗಿನವರನ್ನು ಕರೆಯಿಸುವ ಪ್ರಸಂಗವೂ ತಪ್ಪುತ್ತದೆ; ಗೀತವಾದ್ಯಗಳ ಬಡ ವಿದ್ಯಾರ್ಥಿಗಳಿಗೆ ಅದೊಂದು ಸಂಪಾದನೆಯ ಮಾರ್ಗವೂ ಆದೀತು.

ಉಳಿಯುವುದು ಮೊದಲನೆಯ ವೆಚ್ಚ, ಗುರುವಿನ ಜೀವನ. ಇಲ್ಲಿ ಶಾಸನಗಳ ಪಾಠವನ್ನು ಅವುಗಳ ದೋಷವನ್ನು ಬಿಟ್ಟು ಅಂಗೀಕರಿಸಬೇಕಾಗಿದೆ. ಒಬ್ಬ ವಿದ್ಯಾರ್ಥಿನಿಗೆ ಒಂದು ವರ್ಷದ ಶುಲ್ಕವನ್ನು ಕೊಡುವುದಕ್ಕಿಂತ, ಲಕ್ಷ್ಮೇಶ್ವರದಲ್ಲಾಗಲಿ ಮುಂಡರಗಿಯಲ್ಲಾಗಲಿ ವಾರಕ್ಕೆ ಎರಡು ದಿನ ಪಾಠ ಹೇಳುವ ಗುರುವಿಗೆ ಗೌರವಧನವನ್ನೂ, ಶಾಲೆಯ ಇಲ್ಲವೆ ಮಠದ ಒಂದು ಸಭಾಮಂಟಪವನ್ನೂ ಗೊತ್ತುಮಾಡಿಕೊಡುವುದು ಹೆಚ್ಚು ಫಲಕಾರಿ. ಆಗ ಮೊದಲ ವರ್ಷದ ಪಾಠವು ಪರೀಕ್ಷೆಯಿಲ್ಲದೆ, ಅರ್ಜಿಯಿಲ್ಲದೆ, ಯಾರ ಮಗುವೆಂದು ಕೇಳದೆ ಎಲ್ಲ ಮಕ್ಕಳಿಗೂ ದೊರೆಯುವುದು. ಅವರಲ್ಲಿ ಯೋಗ್ಯರಾದವರು ಮುಂದೆ ಸರಕಾರದ ವೇತನಗಳಿಗೆ ಅರ್ಹರಾಗುವರು.

ಬಲ್ಲಾಳನ ದತ್ತಿಯು ಗುರುವಿಗೆ ನೆಲೆಯನ್ನು ಕೊಟ್ಟಿತು, ಆ ಕಾಲದ ಪದ್ಧತಿಯು ಶಿಷ್ಯೆಯನ್ನು ಕಟ್ಟಿಹಾಕಿತು. ಕಂಪನಿಯು ಶಿಷ್ಯನನ್ನು ಪಾಲುಗಾರನನ್ನಾಗಿ ಮಾಡಿತು, ಆದರೆ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಆಶ್ರಮವು ಅನ್ನ, ಆಶ್ರಯ, ಅವಧಿ, ಸ್ವಾತಂತ್ರ್ಯ ನಾಲ್ಕನ್ನೂ ಒದಗಿಸಿತು. ನೃತ್ಯವು ಮಾತ್ರ ಅದರ ಮುಖ್ಯ ವಿದ್ಯೆಯಾಗಲಿಲ್ಲ. ಈ ಮೂರರ ಗುಣಗಳನ್ನು ಕೂಡಿಸುವ ಕಾರ್ಯವು ಈ ಸೀಮೆಯವರಿಗೆ ಉಳಿದಿರುತ್ತದೆ. ರಂಗಭೋಗಕ್ಕೆಂದು ಒಂದು ಊರಿನ ಉತ್ಪನ್ನವನ್ನೇ ಬಿಟ್ಟುಕೊಟ್ಟ ನಾಡಿಗೆ ಒಬ್ಬ ನೃತ್ಯಗುರುವಿನ ಗೌರವಧನವೂ ಒಂದು ಪೆಟ್ಟಿಗೆ ಉಡುಪೂ ಮೀರಿದ ಭಾರವಾಗಲಾರವು.